ದಾಟಲಾರದ ಚೌಕ

ಪುಣೆಯ ಕೋಥರೂಡದಿಂದ ಪಶ್ಚಿಮಕ್ಕೆ ಪೌಡ ರಸ್ತೆ ಹಿಡಿದು ದಿಬ್ಬ ಏರಿದರೆ ಚಾಂದಣಿ ಚೌಕ. ಮುಳಶಿ, ಬಾವಧನ, ಪಾಷಾಣ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಕಡೆಯ ರಸ್ತೆಗಳೆಲ್ಲ ಮುಂಬೈ–ಬೆಂಗಳೂರು ಹೆದ್ದಾರಿಯನ್ನು ಕೂಡುವ ಜಾಗವಿದು. ಈ ಗಂಟು ಬಿಡಿಸಲು 2017ರಲ್ಲಿ ಶಂಕುಸ್ಥಾಪನೆಯಾಯಿತು. ಭೂಸ್ವಾಧೀನದ ಜಗ್ಗಾಟದಲ್ಲಿ ವರ್ಷಗಳು ಕಳೆದವು. 2022ರ ಅಕ್ಟೋಬರ್ 2ರ ನಡುರಾತ್ರಿ ಸುಮಾರು 600 ಕಿಲೋ ಸ್ಫೋಟಕ ಇಟ್ಟು ಹಳೆಯ ಸೇತುವೆಯನ್ನು ಉರುಳಿಸಲಾಯಿತು. 2023ರ ಆಗಸ್ಟ್ 12ರಂದು ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದ ಹೊಸ ಇಂಟರ್‌ಚೇಂಜಿಗೆ ತಗುಲಿದ್ದು ಸುಮಾರು 865 ಕೋಟಿ ರೂಪಾಯಿ. ಚಕ್ರದ ಮೇಲೆ ಬರುವವರಿಗೆ ಇದರಿಂದ ಅನುಕೂಲವಾಗಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕಾಲ್ನಡಿಗೆಯವರು ದಾಟುವುದೆಲ್ಲಿ ಎಂಬ ಕೂಗು ರಿಬ್ಬನ್ ಕತ್ತರಿಸಿದ ಮೇಲೂ ಏಳಬೇಕಾಯಿತು. ಹಾಗಾದರೆ ಕೆಲಸ ಮುಗಿದಿದೆ ಎಂದು ಒಪ್ಪುವುದು ಹೇಗೆ?

ಹೆದ್ದಾರಿಯಲ್ಲಿ ಪಾದಚಾರಿಗಳಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಊರು ದೂರವಿದ್ದಾಗ ಆ ಮಾತು ನಡೆಯುತ್ತಿತ್ತು. ಈಗ ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಊರೇ ಇದೆ. ಇಲ್ಲಿ ಮುಂಬೈ ಬಸ್ಸಿಗೆ ಕೈಮಾಡುವವರೂ ನಗರ ಬಸ್ಸಿನಿಂದ ಇಳಿದವರೂ ಆಚೆ ಬದಿಗೆ ಹೋಗಲೇಬೇಕು. ಹೆಗಲಿಗೆ ಚೀಲ ಏರಿಸಿ, ಲಾರಿಗಳ ನಡುವೆ ಒಂದು ಸಂದು ಸಿಕ್ಕೀತೇ ಎಂದು ಕಾದು ನಿಲ್ಲುವವರನ್ನು ಶಿಸ್ತಿಲ್ಲದವರು ಎಂದು ಬೈಯುವುದು ಸುಲಭ. ಅವರಿಗೆ ನಕ್ಷೆ ತೋರಿಸಿದ ದಾರಿ ಯಾವುದೆಂದು ಮೊದಲು ಹೇಳಬೇಕು.

ಪಾದಚಾರಿ ಸೇತುವೆಯನ್ನು ಆಮೇಲೆ ಕಟ್ಟಬಹುದಲ್ಲ ಎಂಬುದು ಇನ್ನೊಂದು ಸಮಾಧಾನ. ಕಟ್ಟಬಹುದು, ಆದರೆ ರ‍್ಯಾಂಪು, ತಡೆಗೋಡೆಗಳೆಲ್ಲ ಎದ್ದು ನಿಂತ ಮೇಲೆ ಬರುವ ಸೇತುವೆ ಅವೆಲ್ಲವನ್ನೂ ಹಾರಿ ಹೋಗಬೇಕು. ಅಷ್ಟು ಮೆಟ್ಟಿಲು ಹತ್ತಬೇಕಾದವರು ಮೊಣಕಾಲು ನೋವಿನ ಅಜ್ಜಿಯರು, ಮಗುವನ್ನೆತ್ತಿಕೊಂಡ ತಾಯಂದಿರು. ಮೊದಲ ನಕ್ಷೆಯಲ್ಲೇ ಗೆರೆ ಎಳೆದಿದ್ದರೆ ನೆಲಮಟ್ಟದಲ್ಲೇ ಒಂದು ದಾರಿ ಹುಡುಕಬಹುದಿತ್ತು. ಹಣವಿಲ್ಲ ಎನ್ನುವಂತೆಯೂ ಇಲ್ಲ. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ವನಾಜ್‌ನಿಂದ ಚಾಂದಣಿ ಚೌಕಕ್ಕೂ ರಾಮವಾಡಿಯಿಂದ ವಾಘೋಲಿಗೂ ಮೆಟ್ರೊ ವಿಸ್ತರಿಸಲು 3,626 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಮೆಟ್ರೊ ಇಳಿದವರೆಲ್ಲ ಆ ಕ್ಷಣದಿಂದ ಪಾದಚಾರಿಗಳೇ.

ಹೆಬ್ಬಾಳದಲ್ಲಿ ರಸ್ತೆ ದಾಟಲು ಪರದಾಡಿದ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಣೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಊರೊಳಗಿನ ಇಂಟರ್‌ಚೇಂಜಿಗೆ ಒಂದೇ ಷರತ್ತು ಸಾಕು: ಕಾಲುದಾರಿ ತೆರೆಯುವ ತನಕ ಉದ್ಘಾಟನೆ ಬೇಡ, ಗುತ್ತಿಗೆದಾರರ ಕೊನೆಯ ಬಿಲ್ಲೂ ಪಾಸಾಗುವುದು ಬೇಡ.