ಗುಂಡಿಯೊತ್ತುವುದು ಆಟವಲ್ಲ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, 1962ರಲ್ಲಿ ನೆಹರೂ ಅವರು ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ, ಈ ಮೂರೂ ಒಂದರ ಮಗ್ಗುಲಲ್ಲೊಂದು ನಿಂತಿವೆ. ಇತಿಹಾಸಕ್ಕೊಂದು ಬಾಗಿಲು, ಕಲೆಗೊಂದು ಬಾಗಿಲು, ವಿಜ್ಞಾನಕ್ಕೊಂದು ಬಾಗಿಲು ಎಂಬ ಈ ಏರ್ಪಾಡು ದೊಡ್ಡವರ ಆಡಳಿತಸೌಕರ್ಯದಿಂದ ಹುಟ್ಟಿದ್ದು. ಮಕ್ಕಳ ಕುತೂಹಲಕ್ಕೆ ಇಂಥ ಇಲಾಖೆಗಳಿಲ್ಲ.

ಮಕ್ಕಳಿಗೆಂದು ರಚಿತವಾದ ವಿಜ್ಞಾನಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗುಂಡಿ. ಒತ್ತಿದರೆ ದೀಪ ಹೊತ್ತುತ್ತದೆ, ಚಕ್ರ ತಿರುಗುತ್ತದೆ. ಎರಡನೆಯ ಸಲ ಒತ್ತಿದರೂ ಅದೇ ದೀಪ, ಅದೇ ಚಕ್ರ. ಮೂರನೆಯ ಸಲಕ್ಕೆ ಮಗು ಪಕ್ಕದ ಗುಂಡಿಯತ್ತ ಓಡಿರುತ್ತದೆ. ಗಾಳಿಯ ಧಾರೆಯಲ್ಲಿ ತೇಲುವ ಚೆಂಡಿನ ಮುಂದೆ ಅದೇ ಮಗುವನ್ನು ನಿಲ್ಲಿಸಿ ನೋಡಿ: ಚೆಂಡನ್ನು ಮೆಲ್ಲನೆ ಹೊರಕ್ಕೆಳೆದಾಗ ಧಾರೆಯು ಅದನ್ನು ಮರಳಿ ಒಳಕ್ಕೆ ಸೆಳೆಯುವುದನ್ನು ಬೆರಳೇ ಅರಿಯುತ್ತದೆ, ಕೊಳವೆಯನ್ನು ಓರೆಮಾಡಿದರೆ ಚೆಂಡು ಎಷ್ಟು ದೂರ ತಾಳೀತೆಂಬ ಪ್ರಶ್ನೆ, ಯಾರೂ ಕೇಳದೆಯೇ, ತಾನಾಗಿ ಏಳುತ್ತದೆ. ಕೈ ಬದಲಾದಂತೆ ಫಲವೂ ಬದಲಾಗುವೆಡೆಯಲ್ಲಿ ಮಾತ್ರ ಆಟವಿದೆಯೆಂಬುದು ನನ್ನ ಅಭಿಪ್ರಾಯ.

ಈ ತತ್ತ್ವವನ್ನು ಒಂದು ಸಂಸ್ಥೆಯಾಗಿ ಕಟ್ಟಿದವರು ಅಮೆರಿಕದ ಭೌತವಿಜ್ಞಾನಿ ಫ್ರ್ಯಾಂಕ್ ಓಪನ್‌ಹೈಮರ್. ಪರಮಾಣು ಬಾಂಬಿನೊಡನೆ ಹೆಸರು ಬೆಸೆದುಹೋದ ರಾಬರ್ಟ್ ಓಪನ್‌ಹೈಮರರ ತಮ್ಮನಾದ ಇವರು, ರಾಜಕೀಯ ಕಾರಣಗಳಿಂದ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡು, ಕೊಲರಾಡೋದಲ್ಲಿ ದನ ಸಾಕಿ, ಅಲ್ಲಿಯ ಹೈಸ್ಕೂಲಿನಲ್ಲಿ ಪಾಠ ಹೇಳಿ, ಗುಜರಿಯಲ್ಲಿ ದೊರೆತ ಯಂತ್ರಭಾಗಗಳನ್ನೇ ವಿದ್ಯಾರ್ಥಿಗಳ ಮುಂದಿರಿಸಿ ಕಲಿಸಿದ ಬಳಿಕ, 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಎಕ್ಸ್‌ಪ್ಲೊರಟೋರಿಯಂ’ ತೆರೆದರು. ಅದೂ ಲಲಿತಕಲೆಗಳ ಅರಮನೆಯೆಂದು ಹೆಸರಾದ ಕಟ್ಟಡದಲ್ಲಿ! ಕಲಾವಿದರನ್ನು ಅವರು ಗೋಡೆಯ ಅಲಂಕಾರಕ್ಕೆಂದು ಕರೆಯಲಿಲ್ಲ. ಬಾಬ್ ಮಿಲ್ಲರ್ ಎಂಬ ಕಲಾವಿದರು ಬಿಸಿಲನ್ನು ಕನ್ನಡಿಯಿಂದ ಒಳತಂದು, ಪಟ್ಟಕಗಳಲ್ಲಿ ಒಡೆದು, ಬಣ್ಣಗಳನ್ನು ತೆರೆಯ ಮೇಲೆ ಹರಡಿದರು. ಅದನ್ನು ಚಿತ್ರವೆನ್ನಬೇಕೆ, ಪ್ರಯೋಗವೆನ್ನಬೇಕೆ ಎಂದು ಯಾವ ಮಗುವೂ ತಲೆ ಕೆಡಿಸಿಕೊಂಡಿರಲಾರದು. ಇನ್ನೂ ಮೆಚ್ಚತಕ್ಕ ಸಂಗತಿಯೆಂದರೆ, ಪ್ರದರ್ಶಿಕೆಗಳನ್ನು ಮಾಡುವ, ಕೆಟ್ಟದ್ದನ್ನು ರಿಪೇರಿ ಮಾಡುವ ಕಾರ್ಯಾಗಾರವನ್ನು ಹಿಂದೆಲ್ಲೋ ಮರೆಸದೆ ಬಂದವರ ಕಣ್ಣೆದುರಿಗೇ ಇರಿಸಿದುದು. ಅವುಗಳನ್ನು ರಚಿಸುವ ಕ್ರಮವನ್ನು ಪಾಕಪುಸ್ತಕಗಳಂತೆ ಅಚ್ಚುಹಾಕಿಸಿ ಬೇರೆ ಸಂಗ್ರಹಾಲಯಗಳಿಗೂ ಒದಗಿಸಿದುದು.

ನಮ್ಮಲ್ಲಿ ಇದಕ್ಕೆ ಹೊಸ ಭವನವೇ ಏಳಬೇಕಾಗಿಲ್ಲ. ಆ ಚಿತ್ರಶಾಲೆಗೆ ಹೆಸರಿತ್ತ ಕಲಾವಿದ ಕೆ. ವೆಂಕಟಪ್ಪನವರು ಜಲವರ್ಣಗಳಲ್ಲದೆ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ರಚಿಸಿದವರು. ಮೂಲಕೃತಿಯನ್ನು ಮುಟ್ಟಬಾರದೆಂಬುದು ನ್ಯಾಯವೇ. ಆದರೆ ಅದರ ಅಚ್ಚೊಂದನ್ನು ತೆಗೆದು, ಆರು ವರ್ಷದ ಮಗುವಿಗೆ ನಿಲುಕುವ ಎತ್ತರದಲ್ಲಿರಿಸಿ, ಅರೆಗತ್ತಲಲ್ಲಿ ಅತ್ತಿತ್ತ ಸರಿಸಬಹುದಾದ ಒಂದು ದೀಪವನ್ನು ಅದರ ಕೈಗೆ ಕೊಟ್ಟರೆ, ದೀಪ ಎದುರಿಗಿರುವಾಗ ಚಪ್ಪಟೆಯಾಗಿ ತೋರುವ ಮುಖ ಪಕ್ಕದ ಬೆಳಕಿನಲ್ಲಿ ಮೂಗು ತುಟಿಗಳೊಡನೆ ಎದ್ದುಬರುವುದನ್ನು ಮಗು ತಾನೇ ಕಂಡುಹಿಡಿದೀತು. ಅಲ್ಲಿ ದ್ಯುತಿಶಾಸ್ತ್ರವೂ ಇದೆ, ಶಿಲ್ಪಿಯ ಮರ್ಮವೂ ಇದೆ. ವಿವರಣೆಯ ಫಲಕ ಬೇಕಾದರೆ ಎರಡು ಸಾಲು ಸಾಕು, ಅದೂ ಕನ್ನಡದಲ್ಲಿರಲಿ. ದೀರ್ಘ ಫಲಕಗಳನ್ನು ಓದುವವರು ಬಹುಮಟ್ಟಿಗೆ ಅವುಗಳನ್ನು ಬರೆಯಿಸಿದ ಅಧಿಕಾರಿಗಳೇ.

ತೊಡಕಿರುವುದು ಉದ್ಘಾಟನೆಯ ಮರುವರ್ಷದಲ್ಲಿ. ಮಕ್ಕಳ ಕೈಗೆ ಸಿಕ್ಕ ವಸ್ತು ಸವೆಯುತ್ತದೆ, ಮುರಿಯುತ್ತದೆ; ಮುರಿಯದೆ ಉಳಿದರೆ ಅದರೊಡನೆ ಯಾರೂ ಆಡಲಿಲ್ಲವೆಂದೇ ತಿಳಿಯತಕ್ಕದ್ದು. ಆದುದರಿಂದ ಕಸ್ತೂರಬಾ ರಸ್ತೆಯ ಆ ಮೂರು ಸಂಸ್ಥೆಗಳ ಅಧಿಕಾರಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮೂವರೂ ಸೇರಿ ಒಂದು ಕೋಣೆಯನ್ನು ಮಕ್ಕಳಿಗಾಗಿ ತೆರೆಯಿರಿ, ಅದರ ಅಂದಾಜುಪಟ್ಟಿಯಲ್ಲಿ ಅಮೃತಶಿಲೆಯ ನೆಲಕ್ಕೆ ಮೀಸಲಿಟ್ಟ ಹಣವನ್ನು ತೆಗೆದು, ಒಬ್ಬ ಬಡಗಿಗೂ ಒಬ್ಬ ಎಲೆಕ್ಟ್ರಿಷಿಯನ್ನನಿಗೂ ಖಾಯಂ ಸಂಬಳವನ್ನು ಬರೆಯಿರಿ.