ಕಡಲೆಕಾಳಿನ ಸೂರ್ಯ, ಕಿತ್ತೂರಿನ ನಕ್ಷತ್ರ

ಕಳೆದ ಬೇಸಗೆಯ ರಜೆಯಲ್ಲಿ ನಾನು ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ, ನನ್ನ ತಂಗಿಯ ಮನೆಗೆ ಹೋಗಿದ್ದೆನು. ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರದು. ಆದರೆ ಹನ್ನೆರಡು ವರ್ಷದ ನನ್ನ ಸೋದರಳಿಯನ ಚಿತ್ತವು ಆ ದಿನಗಳಲ್ಲಿ ಊರಿನಲ್ಲಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಅವನು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತಿದ್ದನು. ಒಂದು ಸಂಜೆ ಅವನು ಕೇಳಿದನು: “ಮಾಮಾ, ಪಕ್ಕದ ನಕ್ಷತ್ರಕ್ಕೆ ನಾನು ಒಂದು ನಿಮಿಷದೊಳಗೆ ಹೋಗಿ ಮುಟ್ಟಿದೆ. ನಮ್ಮ ಇಸ್ರೋದವರು ಇನ್ನೂ ಏಕೆ ಹೋಗಿಲ್ಲ?”

ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಅವನು ಆಡುತ್ತಿದ್ದುದು 2014ರಲ್ಲಿ ಹೊರಬಂದ ‘ಎಲೀಟ್ ಡೇಂಜರಸ್’ ಎಂಬ ಆಟ. ನಮ್ಮ ಆಕಾಶಗಂಗೆಯನ್ನೇ ನಿಜವಾದ ಅಳತೆಯಲ್ಲಿ, ಸುಮಾರು 40,000 ಕೋಟಿ ನಕ್ಷತ್ರಮಂಡಲಗಳೊಡನೆ ಅದರಲ್ಲಿ ರಚಿಸಿದ್ದಾರೆ. ದೂರವೆಲ್ಲ ನಿಜವೇ, ಆದರೆ ಒಂದು ಗುಂಡಿಯನ್ನು ಒತ್ತಿದರೆ ಆ ದೂರವು ಮಾಯವಾಗುತ್ತದೆ.

ಮಾಯವಾದುದನ್ನು ಮರಳಿ ತರಬೇಕೆಂದು ನಾನು ಅವನನ್ನು ಅಂಗಳಕ್ಕೆ ಕರೆದೊಯ್ದೆನು. ಒಂದು ಕಡಲೆಕಾಳನ್ನು ನೆಲದ ಮೇಲಿಟ್ಟು, “ಇವನೇ ಸೂರ್ಯ” ಎಂದೆನು. ಅಲ್ಲಿಂದ ಒಂದು ಮೀಟರು ದೂರದಲ್ಲಿ ಭೂಮಿ; ಆದರೆ ಅದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಧೂಳಿನ ಕಣ. ಆ ಕಣದಿಂದ ಚಂದ್ರನು ಕೇವಲ ಎರಡೂವರೆ ಮಿಲಿಮೀಟರು ಆಚೆ. ಮನುಷ್ಯನು ಚಂದ್ರನವರೆಗೆ ಮಾಡಿದ ಮಹಾಯಾತ್ರೆಯು ಈ ಲೆಕ್ಕದಲ್ಲಿ ಒಂದು ಜೋಳದ ಕಾಳಿನ ಅಗಲವನ್ನೂ ದಾಟಲಿಲ್ಲ! ಕೊನೆಯ ಗ್ರಹವಾದ ನೆಪ್ಚೂನನಿಗಾಗಿ ನಾವು ಬೀದಿಗಿಳಿದು 30 ಮೀಟರು ನಡೆದೆವು.

“ಪಕ್ಕದ ನಕ್ಷತ್ರ ಎಲ್ಲಿ? ಆ ಗುಡಿಯ ಹತ್ತಿರವೇ?” ಎಂದನು ಹುಡುಗ.

“ಅಲ್ಲಪ್ಪ, ಕಿತ್ತೂರಿನ ಹತ್ತಿರ” ಎಂದೆನು.

ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು 4.24 ಬೆಳಕಿನ ವರ್ಷಗಳ ದೂರದಲ್ಲಿ. ನಮ್ಮ ಅಂಗಳದ ಅಳತೆಯಲ್ಲಿ ಅದು ಸುಮಾರು 268 ಕಿಲೋಮೀಟರು. ಗಬ್ಬೂರಿನಿಂದ ಪಶ್ಚಿಮದ ಕಡೆಗೆ ನೇರ ಗೆರೆ ಎಳೆದರೆ ಧಾರವಾಡವನ್ನೂ ಮೀರಿ ರಾಣಿ ಚೆನ್ನಮ್ಮನ ಕಿತ್ತೂರಿನ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ನಡುವಿನ ನಾಡೆಲ್ಲ ಬರಿಯ ಬಯಲು. ಈ ಅಳತೆಯಲ್ಲಿ ಬೆಳಕಿನ ವೇಗವಾದರೂ ಎಷ್ಟು? ಗಂಟೆಗೆ ಏಳು ಮೀಟರು, ಬಸವನಹುಳುವಿನ ನಡಿಗೆ! 1977ರಲ್ಲಿ ಹೊರಟ ವಾಯೇಜರ್-1 ನೌಕೆಯು ಸೆಕೆಂಡಿಗೆ 17 ಕಿಲೋಮೀಟರು ವೇಗದಿಂದ ಓಡುತ್ತಿದ್ದರೂ ನಮ್ಮ ಬೀದಿಯಲ್ಲಿ 200 ಮೀಟರನ್ನು ಇನ್ನೂ ಮುಟ್ಟಿಲ್ಲ. ಪ್ರಾಕ್ಸಿಮಾದಷ್ಟು ದೂರ ಸಾಗಲು ಅದಕ್ಕೆ 70,000 ವರ್ಷಗಳಿಗೂ ಹೆಚ್ಚು ಕಾಲ ಬೇಕು.

ಇನ್ನು ನಮ್ಮ ಇಸ್ರೋ. 2013ರ ನವೆಂಬರ್ 5ರಂದು ಹೊರಟ ಮಂಗಳಯಾನವು ಮಂಗಳನನ್ನು ಸೇರಿದ್ದು 2014ರ ಸೆಪ್ಟೆಂಬರ್ 24ರಂದು. ಆ ದಿನ ಬೆಂಗಳೂರಿನ ಸಮೀಪದ ಬ್ಯಾಲಾಳಿನ ಆಂಟೆನಾಕ್ಕೆ ನೌಕೆಯ ಸಂದೇಶವು ಬಂದು ತಲುಪಲು ಸುಮಾರು ಹನ್ನೆರಡು ನಿಮಿಷಗಳು ಹಿಡಿದವು. ಅಪಾಯವೊದಗಿದರೆ ಇಲ್ಲಿಂದ ಕೂಗಿ ಎಚ್ಚರಿಸುವಂತಿರಲಿಲ್ಲ. ಆದ್ದರಿಂದ ಮಾಡಬೇಕಾದುದನ್ನೆಲ್ಲ ನೌಕೆಗೆ ಮೊದಲೇ ಕಲಿಸಿಡಲಾಗಿತ್ತು. ಇಷ್ಟೆಲ್ಲ ಸಾಹಸವೂ ನಮ್ಮ ಅಂಗಳದೊಳಗೇ ನಡೆದದ್ದು.

ಹುಡುಗನ ಮುಖ ಬಾಡಿತು. “ಹಾಗಾದರೆ ನಾನು ಎಂದಿಗೂ ಅಲ್ಲಿಗೆ ಹೋಗಲಾರೆನೇ?” ಎಂದನು. ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. “ಇಂದು ತಿಳಿದಿರುವ ಯಾವ ವಾಹನದಿಂದಲೂ ಆಗದು” ಎಂದೆನು.

ರಾತ್ರಿ ಅವನೇ ನನಗೊಂದು ಸಂಗತಿಯನ್ನು ತೋರಿಸಿದನು. ಅದೇ ಆಟದಲ್ಲಿ ಹಟನ್ ಆರ್ಬಿಟಲ್ ಎಂಬ ನಿಲ್ದಾಣವಿದೆ. ಆಲ್ಫಾ ಸೆಂಟಾರಿಗೆ ಹಾರಿ ಇಳಿದ ಮೇಲೆಯೂ ಅದು 0.22 ಬೆಳಕಿನ ವರ್ಷ ದೂರ. ನಮ್ಮ ಅಳತೆಯಲ್ಲಿ 14 ಕಿಲೋಮೀಟರು ಮಾತ್ರ. ಅಲ್ಲಿಗೆ ನೆಗೆತದ ಗುಂಡಿ ನೆರವಾಗದು. ಬೆಳಕಿಗಿಂತ 2,000 ಪಟ್ಟು ವೇಗದವರೆಗೆ ಏರಿದರೂ ಒಂದು ಗಂಟೆಗೂ ಮಿಕ್ಕಿ ಸುಮ್ಮನೆ ಕುಳಿತಿರಬೇಕು. ಆಟಗಾರರಿಗೆ ಇದೊಂದು ತಮಾಷೆಯ ವಿಷಯ. ಈ ಹುಡುಗನೂ ಹಿಂದೊಮ್ಮೆ ಬೇಸತ್ತು ಅರ್ಧದಲ್ಲೇ ಬಿಟ್ಟಿದ್ದನಂತೆ. ಆ ರಾತ್ರಿ ಮಾತ್ರ ಪೂರ್ತಿ ಕುಳಿತನು. ಅವನ ತಾಯಿ ರೊಟ್ಟಿ ಆರುತ್ತದೆಂದು ಎರಡು ಬಾರಿ ಕೂಗಿದಳು. “ಇನ್ನೂ ದಾರಿಯಲ್ಲಿದ್ದೇನಮ್ಮ!” ಎಂಬುದೇ ಉತ್ತರ.

ಆಟಗಳಲ್ಲಿ ದೂರವನ್ನು ಕುಗ್ಗಿಸುವುದು ತಪ್ಪೆಂದು ನಾನು ಹೇಳಲಾರೆ, ಕುಗ್ಗಿಸದಿದ್ದರೆ ಆಡುವವರಾರು? ಆದರೆ ಕುಗ್ಗಿಸಿದ್ದಾರೆಂಬುದು ಮಗುವಿಗೆ ತಿಳಿದಿರಬೇಕು. ತಿಳಿಯದಿದ್ದರೆ ಈ ಭೂಮಿಯು ಕೆಟ್ಟರೆ ಇನ್ನೊಂದಕ್ಕೆ ಹಾರಿದರಾಯಿತೆಂಬ ಭ್ರಮೆಯು ಬೆಳೆಯುತ್ತದೆ. ನಿಮ್ಮ ಮನೆಯಲ್ಲಿಯೂ ಇಂತಹ ಯಾತ್ರಿಕರಿದ್ದರೆ ಗದರಬೇಡಿರಿ. ಒಂದು ಕಡಲೆಕಾಳನ್ನು ಅಂಗಳದಲ್ಲಿಟ್ಟು, ಅಲ್ಲಿಂದ ಒಂದು ಮೀಟರನ್ನು ಅಳೆದು, ಆ ಧೂಳಿನ ಕಣವನ್ನು ತೋರಿಸಿರಿ. ನಾವೆಲ್ಲರೂ ಇರುವುದು ಅಲ್ಲಿಯೇ.