ತುಂಬಿದ ಬುತ್ತಿ ಮನೆಗೆ ಮರಳಿದರೆ

ನಮ್ಮ ಶಾಲೆಗಳಲ್ಲಿ ಎಂಟನೆಯ ತರಗತಿಯ ವರೆಗಿನ ಮಕ್ಕಳಿಗೆ ಸರಕಾರದ ಮಧ್ಯಾಹ್ನದೂಟವಿದೆ. ಒಂಬತ್ತು, ಹತ್ತನೆಯವರಲ್ಲಿ ಹೆಚ್ಚಿನವರು ಮನೆಯಿಂದ ಬುತ್ತಿ ತರುತ್ತಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾದಂತೆ ಕೆಲವು ಬುತ್ತಿಗಳು ಮುಚ್ಚಳ ತೆರೆಯದೆಯೇ ಮನೆಗೆ ಮರಳುವುದನ್ನು ಅಧ್ಯಾಪಕರಾದ ನಾವು ಕಾಣುತ್ತಿದ್ದೇವೆ. ವಿಚಾರಿಸಿದರೆ ‘ಹಸಿವಿಲ್ಲ ಮಾಸ್ಟ್ರೇ’ ಎಂಬ ಉತ್ತರ. ಮನೆಯಲ್ಲಿ ತಾಯಿ ವಿಚಾರಿಸಿದರೆ ‘ಗೆಳತಿಯ ಊಟದಲ್ಲಿ ಪಾಲು ತಿಂದೆ’ ಎಂಬ ಉತ್ತರ. ಈ ಎರಡು ಉತ್ತರಗಳ ನಡುವೆ ಒಂದು ಮಗು ಸೊರಗುತ್ತಿರಬಹುದು.

ಭಯವಾದಾಗ ಹಸಿವು ಅಡಗುವುದು ದೇಹದ ಸಹಜ ಧರ್ಮ. ಆಗ ಅಡ್ರಿನಲಿನ್ ಸ್ರವಿಸಿ ಎದೆ ಬಡಿತ ಏರುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಆತಂಕ ವಾರಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಎಂಬ ಇನ್ನೊಂದು ಸ್ರಾವ ಹೆಚ್ಚಿ, ಕೆಲವರಲ್ಲಿ ಸಿಹಿ ಮತ್ತು ಕರಿದ ತಿಂಡಿಗಳ ಹಂಬಲ ಕೆರಳುತ್ತದೆ. ಪರೀಕ್ಷೆಯೊಡನೆ ಇವೆಲ್ಲ ಮುಗಿದರೆ ಚಿಂತಿಸಬೇಕಾಗಿಲ್ಲ. ಮುಗಿಯದಿದ್ದರೆ ಚಿಂತಿಸಲೇಬೇಕು.

ಅಂಕ, ಮನೆಯ ಸಾಲ, ಹೆತ್ತವರ ಜಗಳ, ಇವಾವುವೂ ಮಗುವಿನ ಹಿಡಿತದಲ್ಲಿಲ್ಲ. ಹಿಡಿತದಲ್ಲಿರುವುದು ತನ್ನ ತಟ್ಟೆಯೊಂದೇ. ಊಟ ಬಿಟ್ಟಾಗ ಮನಸ್ಸಿಗೆ ಕ್ಷಣಕಾಲ ನೆಮ್ಮದಿಯೆನಿಸುತ್ತದೆ. ಆ ನೆಮ್ಮದಿಗಾಗಿ ಮರುದಿನವೂ ಊಟ ಬಿಡುವುದೇ ಅಭ್ಯಾಸವಾಗಬಹುದು. ದಪ್ಪವಾಗುವೆನೆಂಬ ಅಂಜಿಕೆ ಇದಕ್ಕೆ ಸೇರಿದರೆ ರೋಗ ಬೇರೂರುತ್ತದೆ. ಇದಕ್ಕೆ ‘ಅನೊರೆಕ್ಸಿಯಾ ನರ್ವೋಸಾ’ ಎಂದು 1873ರಲ್ಲೇ ಲಂಡನಿನ ವೈದ್ಯ ವಿಲಿಯಂ ಗಲ್ ಹೆಸರಿಟ್ಟಿದ್ದರು. ಒಮ್ಮೆಲೇ ಅತಿಯಾಗಿ ತಿಂದು, ಬಳಿಕ ಗುಟ್ಟಾಗಿ ವಾಂತಿ ಮಾಡುವ ‘ಬುಲಿಮಿಯಾ’ವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದರು. ವಾಂತಿಯಿಲ್ಲದೆ ತಡೆಯಿಲ್ಲದೆ ತಿನ್ನುವ ಮೂರನೆಯ ಬಗೆಯೂ ಉಂಟು. ಇವು ಹುಡುಗಿಯರಿಗೆ ಮಾತ್ರ ಬರುವುದಲ್ಲ, ಸಿರಿವಂತರ ರೋಗವೂ ಅಲ್ಲ. ಹಲವರಲ್ಲಿ ಆತಂಕವೇ ಮೊದಲು ಬಂದಿರುತ್ತದೆ.

ಹಸಿವೂ ತನ್ನ ಸರದಿಯಲ್ಲಿ ಆತಂಕವನ್ನು ಹೆಚ್ಚಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬವರು ಆರೋಗ್ಯವಂತರಾದ 36 ಮಂದಿ ಯುವಕರನ್ನು, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆಯಲ್ಲಿರಿಸಿದರು. ಗಟ್ಟಿಮನಸ್ಸಿನ ಆ ಯುವಕರು ಸಿಡುಕರಾದರು, ಖಿನ್ನರಾದರು, ಜತೆಗಾರರಿಂದ ದೂರವಾದರು. ಹಗಲೂ ಇರುಳೂ ಅವರಿಗೆ ಊಟದ್ದೇ ಧ್ಯಾನ. ಗಟ್ಟಿಗರ ಪಾಡೇ ಹೀಗಾದರೆ, ಮೊದಲೇ ಅಂಜಿದ ಹದಿನೈದರ ಮಗುವಿನ ಪಾಡೇನು? ‘ಹಟ ಮಾಡುತ್ತಾಳೆ’ ಎಂದು ಬೈಯುವ ಮೊದಲು ನಾವು ಇದನ್ನು ನೆನೆಯಬೇಕು.

ಮದುವೆ ಮನೆಗಳಲ್ಲಿ ‘ಏನು ಇಷ್ಟು ಊದಿದ್ದೀ?’, ‘ಎಲುಬು ಮಾತ್ರ ಉಳಿದಿದೆಯಲ್ಲ!’ ಎಂದು ಹಿರಿಯರು ತಮಾಷೆಗೆ ಆಡುವ ಮಾತು ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ. ಕೈಯಲ್ಲಿರುವ ಫೋನು ದಿನವಿಡೀ ತೋರಿಸುವ ತೆಳ್ಳಗಿನ ದೇಹಗಳು ಅದಕ್ಕೆ ಮತ್ತಷ್ಟು ಬಲ ಕೊಡುತ್ತವೆ. ವ್ರತ, ಉಪವಾಸಗಳು ರೋಗವಲ್ಲ, ಆದರೆ ರೋಗ ಅವುಗಳ ಮರೆಯಲ್ಲಿ ಅಡಗಿರಬಹುದು.

ತೂಕ ಬೇಗನೆ ಇಳಿಯುವುದು, ಮುಟ್ಟು ನಿಲ್ಲುವುದು, ತಲೆ ಸುತ್ತುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗುವುದು, ಎಲ್ಲರೊಡನೆ ಕುಳಿತು ಉಣ್ಣಲು ತಪ್ಪಿಸಿಕೊಳ್ಳುವುದು, ಇವು ಎಚ್ಚರಿಕೆಯ ಗುರುತುಗಳು. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯಗಳಿಂದಲೂ ಮೈ ಇಳಿಯುವುದರಿಂದ ಮೊದಲು ವೈದ್ಯರ ಪರೀಕ್ಷೆ ಅಗತ್ಯ. ಬಲವಂತದ ತುತ್ತಿನಿಂದ ಈ ರೋಗ ವಾಸಿಯಾಗದು. ಬೇಗನೆ ಚಿಕಿತ್ಸೆ ಸಿಕ್ಕಿದರೆ ಗುಣವಾಗುವ ಸಾಧ್ಯತೆ ಹೆಚ್ಚು, ಕಡೆಗಣಿಸಿದರೆ ಪ್ರಾಣಕ್ಕೇ ಅಪಾಯ.

ಗಡಿನಾಡಿನ ನಮಗೆ ಇನ್ನೊಂದು ತೊಡಕೂ ಇದೆ. ‘ಅನ್ನ ಗಂಟಲಲ್ಲಿ ಇಳಿಯುವುದಿಲ್ಲ’, ‘ಒಳಗೊಳಗೇ ಪುಕುಪುಕು ಆಗುತ್ತದೆ’ ಎಂಬಂಥ ಮಾತುಗಳು ಮನೆಮಾತಿನಲ್ಲಿ ಮಾತ್ರ ಬರುತ್ತವೆ. ಅರೆಬರೆ ಮಲಯಾಳದಲ್ಲಿ ಹೇಳಹೊರಟ ತಾಯಿ ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಮುಗಿಸುತ್ತಾಳೆ. ಹೊಟ್ಟೆನೋವಿನ ಮಾತ್ರೆಯೊಡನೆ ಮನೆಗೆ ಬರುತ್ತಾಳೆ. ಮನಸ್ಸಿನ ಚಿಕಿತ್ಸೆಗೆ ಭಾಷೆಯೇ ಮುಖ್ಯ ಉಪಕರಣ.

ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ನಾವು ಪ್ರತಿಭಟಿಸಿದ್ದೇವೆ. ನಮ್ಮ ಶಾಲೆಗಳಿಗೆ ಬರುವ ಆಪ್ತಸಮಾಲೋಚಕರ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟಾಗಿ ನಾವು ಕೇಳಬೇಕು: ಅವರು ಕನ್ನಡ ಬಲ್ಲವರಾಗಿರಲಿ. ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ರಕ್ಷಕ-ಶಿಕ್ಷಕ ಸಂಘಗಳು ಈ ಬೇಡಿಕೆಯನ್ನು ಕನ್ನಡದಲ್ಲೇ ಬರೆದು ಕಳುಹಿಸಲಿ. ಅಲ್ಲಿಯ ವರೆಗೆ, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯಿದೆ. 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ.

ಸರಕಾರ ಮಾಡಬೇಕಾದುದನ್ನು ಸರಕಾರ ಮಾಡಲಿ. ಹೆತ್ತವರು ಮಾಡಬಹುದಾದುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಇಂದು ಸಂಜೆ ಮಗುವಿನ ಚೀಲದಿಂದ ಬುತ್ತಿಯನ್ನು ತೆಗೆದು ನೋಡಿ. ಅದು ತುಂಬಿದ್ದರೆ ಗದರಬೇಡಿ. ಅಂಕದ ಸುದ್ದಿಯನ್ನೂ ತೂಕದ ಸುದ್ದಿಯನ್ನೂ ಬದಿಗಿಟ್ಟು, ರಾತ್ರಿಯ ಗಂಜಿಗೆ ಮಗುವಿನ ಪಕ್ಕದಲ್ಲೇ ಕುಳಿತುಕೊಳ್ಳಿ. ಮಾತು ತಾನಾಗಿ ಬರುವ ವರೆಗೆ ಕಾಯಿರಿ.